ಹನ್ನೊಂದನೇ ಗಾಜಿನ ತಾರೀಖು

ಆ ಊರಿನ ಹೆಸರೆತ್ತಿದರೆ ಜನಕ್ಕೆ ಮೊದಲು ನೆನಪಾಗುವುದು ಅಲ್ಲಿನ ಗುಮ್ಮಟ. ಕ್ಯಾಲೆಂಡರಿನ ಮೇಲೆ ಅದೇ, ಬಿಸ್ಕತ್ತಿನ ಡಬ್ಬಿಯ ಮೇಲೆ ಅದೇ, ಮಕ್ಕಳ ಪಠ್ಯಪುಸ್ತಕದ ರಟ್ಟಿನ ಮೇಲೂ ಅದೇ. ನೋಡಲು ಬಂದವರೆಲ್ಲ ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, "ಅಬ್ಬಾ, ಎಷ್ಟೆತ್ತರ!" ಎನ್ನುತ್ತಾರೆ. ಇಪ್ಪತ್ತೇಳು ವರ್ಷದಿಂದ ಅಲ್ಲೇ ಕೆಲಸ ಮಾಡುವ ಬಿರುಕಪ್ಪನಿಗೆ ಮಾತ್ರ ಅದರ ಎತ್ತರದ ಉಸಾಬರಿ ಬೇಕಿರಲಿಲ್ಲ. ಅವನು ನೋಡುತ್ತಿದ್ದದ್ದು ಅದರ ಬಿರುಕುಗಳನ್ನು.

ಬಿರುಕಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಯಾವ ತಾಯಿ ತಾನೇ ಹಾಗೆ ಹೆಸರಿಟ್ಟಾಳು! ಟಿಕೆಟ್ ಕೊಡುವವರು ತಮಾಷೆಗೆ ಕರೆದದ್ದು ಹಾಗೇ ಅಂಟಿಕೊಂಡಿತು. ಈಗ ಸಿಟ್ಟು ಬಂದರೆ ಹೆಂಡತಿ ಕೂಡ ಹಾಗೇ ಕರೆಯುತ್ತಾಳೆ. ಗಾರೆ ಕೆಲಸದವನಾಗಿ ಸೇರಿದ ಅವನಿಗೆ ಅಲ್ಲಿನ ಹಿರಿಯ ಮೇಸ್ತ್ರಿ ಒಬ್ಬರು ಈ ಕೆಲಸ ಕಲಿಸಿ, ಕೈಗೆ ಕರಣೆ ಕೊಟ್ಟು, ತಾವು ನಿವೃತ್ತರಾಗಿ ಹೋದರು.

ಕೆಲಸ ಏನೆಂದರೆ ಇಷ್ಟೇ. ಹಳೆಯ ಕಟ್ಟಡಕ್ಕೆ ಬಿರುಕಿರುವುದು ಮುದುಕರ ಮುಖಕ್ಕೆ ಸುಕ್ಕಿದ್ದ ಹಾಗೆ, ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಆದರೆ ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಬೇಕು. ಅದಕ್ಕೆ ಬಿರುಕಿನ ಮೇಲೆ ಅಡ್ಡಲಾಗಿ ಗೇಣುದ್ದದ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ ಕೂರಿಸುತ್ತಾರೆ. ಗಾಜಿನ ಮೇಲೆ ಅವತ್ತಿನ ತಾರೀಖು ಬರೆಯುತ್ತಾರೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಪಟ್ಟೆಂದು ಒಡೆಯುತ್ತದೆ. ಒಡೆದದ್ದು ಕಂಡರೆ ಮುಟ್ಟಕೂಡದು, ಇಂಜಿನಿಯರನ್ನು ಕರೆಯಬೇಕು. "ಒಡೆದ ಗಾಜು ಹೆಣ ಇದ್ದ ಹಾಗೆ ಕಣೋ, ಪೊಲೀಸರು ಬರೋವರೆಗೂ ಯಾರೂ ಅಲುಗಾಡಿಸಬಾರದು" ಎಂದು ಹಿರಿಯ ಮೇಸ್ತ್ರಿ ಹೇಳಿಕೊಟ್ಟಿದ್ದರು. ಕಟ್ಟಡದಲ್ಲಿ ಇಂಥ ಗಾಜು ಹತ್ತೊಂಬತ್ತು. ಪ್ರತಿ ತಿಂಗಳ ಮೊದಲ ಸೋಮವಾರ ಬಿರುಕಪ್ಪ ಹತ್ತೊಂಬತ್ತನ್ನೂ ಸುತ್ತಿ ನೋಡಿ, ನೋಟ್‌ಬುಕ್ಕಿನಲ್ಲಿ "ಸರಿಯಿದೆ" ಎಂದು ಹತ್ತೊಂಬತ್ತು ಸಲ ಬರೆಯುತ್ತಿದ್ದ. ಇಂಜಿನಿಯರುಗಳು ಬಂದರು, ಹೋದರು, ಯಾರೂ ಅವನ ನೋಟ್‌ಬುಕ್ಕನ್ನು ಪರೀಕ್ಷೆ ಮಾಡಲಿಲ್ಲ. ಬಿರುಕಪ್ಪ ಬರೆದ ಅಂದರೆ ಮುಗಿಯಿತು, ಅದಕ್ಕೆ ಎರಡನೇ ಮಾತಿರಲಿಲ್ಲ.

ಒಂದೇ ಒಂದು ಸಲ ಅವನ ಮರ್ಯಾದೆ ಹೋಗಿತ್ತು. ಹನ್ನೆರಡು ವರ್ಷದ ಹಿಂದೆ ಏಳನೇ ಗಾಜು ಒಡೆದದ್ದು ಕಂಡು ಅವನು ಓಡಿಬಂದು ಕೂಗೆಬ್ಬಿಸಿದ. ಎರಡೂವರೆ ತಿಂಗಳು ಬಾಗಿಲು ಹಾಕಿದರು, ದೂರದಿಂದ ಯಂತ್ರಗಳು ಬಂದವು, ಪೇಪರಿನಲ್ಲಿ ಬಂತು. ಕೊನೆಗೆ ನೋಡಿದರೆ ಕಸ ಗುಡಿಸುವ ಹೆಂಗಸು ಜೇಡರ ಬಲೆ ತೆಗೆಯುವಾಗ ಉದ್ದ ಕೋಲಿನ ಪೊರಕೆ ತಾಗಿಸಿದ್ದಳು, ಹೇಳಲು ಹೆದರಿ ಸುಮ್ಮನಿದ್ದಳು. ಗುಡ್ಡ ಅಗೆದು ಇಲಿ ಹಿಡಿದರು ಎಂದು ಊರೆಲ್ಲ ನಕ್ಕಿತು. ಆಗಿನ ಇಂಜಿನಿಯರಿಗೆ ವರ್ಗ ಆಯಿತು. ಅಂದಿನಿಂದ ಬಾಗಿಲು ಮುಚ್ಚುವ ಮಾತೆತ್ತಲು ಅಲ್ಲಿ ಎಲ್ಲರಿಗೂ ನಾಲಿಗೆ ತಡವರಿಸುತ್ತಿತ್ತು.

ಆ ನಗು ಅವನ ಮಗಳ ಶಾಲೆಗೂ ಹೋಗಿತ್ತು. ಆಗ ಅವಳಿಗೆ ಹದಿನೈದು. "ನಿಮ್ಮಪ್ಪ ಇವತ್ತು ಯಾವ ಪೊರಕೆ ಹಿಡಿದ್ರು?" ಎಂದು ಓರಗೆಯವರು ರೇಗಿಸಿದಾಗ ಅವಳು ಅಳದೆ, ಅಪ್ಪನನ್ನು ಕೂರಿಸಿಕೊಂಡು, ಗಾಜು ಯಾಕೆ ಒಡೆಯುತ್ತದೆ, ಗುಮ್ಮಟ ಯಾಕೆ ಬೀಳುವುದಿಲ್ಲ ಎಂದು ಕೇಳಿ ತಿಳಿದುಕೊಂಡಳು. ಓದಿ ವಿಜ್ಞಾನದ ಟೀಚರ್ ಆದಳು. ಈಗ ತನ್ನ ಏಳನೇ ತರಗತಿಯ ನಲವತ್ತಾರು ಮಕ್ಕಳನ್ನು ಗುಮ್ಮಟಕ್ಕೆ ಕರೆತಂದು, ಕಟ್ಟಡ ಹೇಗೆ ನಿಲ್ಲುತ್ತದೆ ಎಂಬುದನ್ನು ಪುಸ್ತಕದಲ್ಲಿ ಅಲ್ಲ, ಕಲ್ಲಿನಲ್ಲೇ ತೋರಿಸಬೇಕೆಂದು ಹಟ ಹಿಡಿದಿದ್ದಳು. ಬರೀ ಕೆಳಗಿನಿಂದ ಅಲ್ಲ. ಗುಮ್ಮಟದ ಬುಡದಲ್ಲಿ ಒಳಗೋಡೆಯ ಸುತ್ತ, ಅಂಚಿಗೆ ಸರಳು ಹಾಕಿದ ಓಣಿಯಂಥ ಒಂದು ಕಿರಿದಾದ ಕಟಕಟೆ ಇದೆ, ನೂರನಲವತ್ತೆಂಟು ಮೆಟ್ಟಿಲು ಹತ್ತಿ ಹೋಗಬೇಕು. ಸಾಮಾನ್ಯ ಜನರನ್ನು ಅಲ್ಲಿಗೆ ಬಿಡುವುದಿಲ್ಲ. ಆರು ತಿಂಗಳು ಅವಳು ಅನುಮತಿಗಾಗಿ ಅಲೆದಳು, ಅರ್ಜಿ ಮೂರು ಸಲ ವಾಪಸ್ ಬಂತು. ಹೆಡ್‌ಮಾಸ್ತರರು, "ಏನಾದ್ರೂ ಆದ್ರೆ ಹೊಣೆ ನಿಮ್ಮದು ನೋಡಿ ಮೇಡಂ" ಎಂದು ಬರೆಸಿಕೊಂಡರು. ಕೊನೆಗೆ ಒಪ್ಪಿಗೆ ಸಿಕ್ಕಿದ ದಿನ ಅವಳು ಮನೆಗೆ ಬಂದು, "ಅಪ್ಪಾ, ಗಾಜಿನ ಪಾಠ ನೀನೇ ಮಾಡ್ಬೇಕು. ನಮ್ಮಪ್ಪ ಯಾರು ಅಂತ ನನ್ನ ಮಕ್ಕಳು ನೋಡ್ಬೇಕು" ಅಂದಳು. ಬಿರುಕಪ್ಪ ಅವತ್ತು ಎರಡು ತುತ್ತು ಜಾಸ್ತಿ ಉಂಡ.

ಪ್ರವಾಸ ಶುಕ್ರವಾರ ಇತ್ತು. ಅದೇ ವಾರದ ಸೋಮವಾರ, ತಿಂಗಳ ಮೊದಲ ಸೋಮವಾರ, ಬಿರುಕಪ್ಪ ಎಂದಿನಂತೆ ಸುತ್ತು ಹೊರಟ. ಹತ್ತು ಗಾಜು ಸರಿಯಿದ್ದವು. ಮೇಲಿನ ಕಟಕಟೆಯಲ್ಲಿದ್ದ ಹನ್ನೊಂದನೇದು ಒಡೆದಿತ್ತು.

ಎರಡು ತುಂಡು, ನಡುವೆ ನೇರ ಗೆರೆ. ಅವನು ಗೋಡೆಗೆ ಕೈಕೊಟ್ಟು ನಿಂತ. ಕೆಳಗೆ ಹೋಗಿ ಹೇಳಬೇಕು, ಹೇಳಿದರೆ ಕಟಕಟೆ ಮುಚ್ಚುತ್ತಾರೆ, ಮುಚ್ಚಿದರೆ ಮಗಳ ಆರು ತಿಂಗಳ ಅಲೆದಾಟ ನೀರಿನಲ್ಲಿ ಹೋಮ. ಆಮೇಲೆ ಇದೂ ಪೊರಕೆ ಏಟು ಎಂದಾದರೆ? ಹನ್ನೆರಡು ವರ್ಷದ ಹಿಂದಿನ ನಗು ಅವನ ಕಿವಿಯಲ್ಲಿ ಮೊಳಗಿತು. ಪೊರಕೆಯೇ ಇರಬೇಕು ಎಂದುಕೊಂಡ. ಹಿಂದಿನ ವಾರ ಇಲ್ಲಿ ಗುಡಿಸಿದ್ದರಲ್ಲ, ಪೊರಕೆಯೇ. ಹೀಗೆ ತನಗೆ ತಾನೇ ಮೂರು ಸಲ ಹೇಳಿಕೊಂಡ ಮೇಲೆ, ಇಪ್ಪತ್ತೇಳು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಹಳೆಯ ಗಾಜನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಹೊಸ ಗಾಜು ಕೂರಿಸಿದ. ಅದರ ಮೇಲೆ ಅವತ್ತಿನ ತಾರೀಖು ಬರೆದರೆ ಯಾಕೆ ಬದಲಾಯಿಸಿದೆ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ಹಳೆಯದರ ಮೇಲಿದ್ದ ತಾರೀಖನ್ನೇ, ಮೂರು ವರ್ಷದ ಹಿಂದಿನದನ್ನೇ, ಅದೇ ಅಕ್ಷರದಲ್ಲಿ ಬರೆದ. ನೋಟ್‌ಬುಕ್ಕಿನಲ್ಲಿ "ಸರಿಯಿದೆ" ಎಂದು ಬರೆದ.

ಆಮೇಲೆ ಶುರುವಾಯಿತು ಭಯ. ಮಂಗಳವಾರ ಬೆಳಗ್ಗೆ ಹೋಗಿ ನೋಡಿದ, ಗಾಜು ಸರಿಯಿತ್ತು. ಬುಧವಾರ ಸರಿಯಿತ್ತು. ನೋಡು, ಪೊರಕೆಯೇ, ಸುಮ್ಮನೆ ಹೆದರಿದೆ ಎಂದುಕೊಂಡ. ಆದರೆ ಗಾರೆಯವನಿಗೆ ಗಾರೆಯ ಗುಟ್ಟು ಗೊತ್ತಿರುತ್ತದೆ. ಹಸಿ ಗಾರೆ ಒಣಗಿ ಬಿಗಿಯಲು ಮೂರು ದಿನ ಬೇಕು. ಅಲ್ಲಿಯವರೆಗೆ ಗೋಡೆ ಜರುಗಿದರೆ ಗಾಜು ಅದರ ಜೊತೆಗೇ ಜಾರುತ್ತದೆ, ಒಡೆಯುವುದಿಲ್ಲ. ಹಸಿ ಗಾರೆಯ ಗಾಜಿನ ಸಾಕ್ಷಿ ಸಾಕ್ಷಿಯೇ ಅಲ್ಲ. ಇದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ನೆನಪಾಗದ ಹಾಗೆ ನೋಡಿಕೊಂಡ. ಮನಸ್ಸು ಅಂಥ ಚಾಲಾಕಿಯದು ನೋಡಿ, ತನಗೆ ಬೇಡದ್ದನ್ನು ಅಟ್ಟದ ಮೇಲೆ ಎಸೆದು ಕೈ ತೊಳೆದುಕೊಳ್ಳುತ್ತದೆ. ದೇಹ ಮಾತ್ರ ಒಪ್ಪಲಿಲ್ಲ. ತಟ್ಟೆಯ ಅನ್ನ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ಗುರುವಾರ ಹೆಂಡತಿ, "ಏನ್ರೀ, ಮಗಳು ನಿಮ್ಮ ಮೆರವಣಿಗೆ ಮಾಡ್ತಾಳೆ ಅಂದ್ರೆ ನೀವು ಸಾಲ ತೀರಿಸದವರ ಥರ ಮುಖ ಮಾಡ್ಕೊಂಡಿದ್ದೀರಲ್ಲ" ಅಂದಳು. "ಹೊಟ್ಟೆ ಸರಿ ಇಲ್ಲ" ಅಂದ. ಅದು ಸುಳ್ಳೇನೂ ಆಗಿರಲಿಲ್ಲ.

ಶುಕ್ರವಾರ ಬೆಳಗ್ಗೆ ಏಳಕ್ಕೇ ಅವನು ಮೇಲೆ ಹೋದ. ಬೆರಳಿನಿಂದ ಗಾರೆ ಮುಟ್ಟಿದ, ಕಲ್ಲಿನಂತೆ ಗಟ್ಟಿಯಾಗಿತ್ತು. ಗಾಜು ಇಡಿಯಾಗಿತ್ತು. ಅವನ ಎದೆಯಿಂದ ಒಂದು ಕಲ್ಲು ಇಳಿದಂತಾಯಿತು.

ಹತ್ತೂವರೆಗೆ ಬಸ್ಸು ಬಂತು. ಮಗಳು ಹೊಸ ಸೀರೆ ಉಟ್ಟಿದ್ದಳು, ಕೊರಳಲ್ಲಿ ಸೀಟಿ. ಮಕ್ಕಳನ್ನು ಗುಮ್ಮಟದ ನಡುಮಧ್ಯೆ ನಿಲ್ಲಿಸಿ, ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿದಳು. ಇಬ್ಬರೂ ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ವಾಲಬೇಕು. ವಾಲಿದರು. "ಇದು ಕಮಾನು. ಈಗ ಕಾಲು ಹಿಂದಕ್ಕೆ ಹಿಂದಕ್ಕೆ ತಗೊಳ್ಳಿ." ನುಣುಪು ನೆಲದ ಮೇಲೆ ಇಬ್ಬರ ಕಾಲೂ ಸರ್ರನೆ ಹೊರಕ್ಕೆ ಜಾರಿದವು, ಇನ್ನೇನು ಮುಖ ಅಡಿಯಾಗಿ ಬೀಳಬೇಕು, ಹಿಂದೆ ಕೂತಿದ್ದ ಮತ್ತಿಬ್ಬರು ಅವರ ಹಿಮ್ಮಡಿಗೆ ಕೈ ಅಡ್ಡ ಕೊಟ್ಟರು. "ನೋಡಿದ್ರಾ? ಭಾರ ಕೆಳಗಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತೆ. ಈ ಗುಮ್ಮಟ ಮುನ್ನೂರು ವರ್ಷದಿಂದ ಹೊರಕ್ಕೆ ತಳ್ತಾನೇ ಇದೆ. ಅದರ ಹಿಮ್ಮಡಿ ಹಿಡ್ಕೊಂಡಿರೋದು ಕಲ್ಲಿನೊಳಗೆ ಹುದುಗಿಸಿರೋ ಒಂದು ಕಬ್ಬಿಣದ ಪಟ್ಟಿ." ಮಕ್ಕಳು ಚಪ್ಪಾಳೆ ತಟ್ಟಿದರು. ಕಂಬದ ಪಕ್ಕದಲ್ಲಿ ನಿಂತಿದ್ದ ಬಿರುಕಪ್ಪನ ಕಣ್ಣು ಮಾತ್ರ ಆ ಹುಡುಗರ ಜಾರಿದ ಕಾಲಿನ ಮೇಲೇ ನೆಟ್ಟಿತ್ತು.

ಕಟಕಟೆ ಕಿರಿದು, ಒಮ್ಮೆಗೆ ಇಪ್ಪತ್ತಮೂರು ಮಕ್ಕಳು. ಉಳಿದ ಇಪ್ಪತ್ತಮೂರು ಕೆಳಗೆ ಇಂಜಿನಿಯರ್ ಸಾಹೇಬರ ಹತ್ತಿರ ಪ್ರಶ್ನೆ ಕೇಳುತ್ತಿರುವುದೆಂದು ಏರ್ಪಾಡಾಗಿತ್ತು. ಅವರು ಮೂವತ್ತೈದರ ಆಸುಪಾಸಿನ ಮನುಷ್ಯ, ಮಕ್ಕಳೆದುರು ಮಾತಾಡಬೇಕೆಂದು ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು. ಮೊದಲ ತಂಡವನ್ನು ಕರೆದುಕೊಂಡು ಬಿರುಕಪ್ಪ ಮುಂದೆ, ಮಗಳು ಹಿಂದೆ, ಸುತ್ತು ಮೆಟ್ಟಿಲು ಹತ್ತಿದರು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ತಿರುಗಿ ನಿಲ್ಲಲೂ ಜಾಗವಿಲ್ಲ. ಹನ್ನೆರಡು ಗಂಟೆಯ ಬಿಸಿಲು ಹೊರಗೆ ಗುಮ್ಮಟದ ನೆತ್ತಿ ಕಾಯಿಸುತ್ತಿತ್ತು.

ಮೇಲೆ ಮಕ್ಕಳು ಕಟಕಟೆಯ ಸರಳು ಹಿಡಿದು ಕೆಳಗೆ ನೋಡಿ ಕಿರುಚಿದರು. "ಶ್!" ಎಂದಳು ಮಗಳು. ಆಮೇಲೆ ಅಪ್ಪನ ಕಡೆ ಕೈ ತೋರಿಸಿ, "ಇವರು ನಮ್ಮಪ್ಪ. ಈ ಕಟ್ಟಡದ ನಾಡಿ ನೋಡೋ ಡಾಕ್ಟರು" ಅಂದಳು. ಇಪ್ಪತ್ತೇಳು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ಹನ್ನೊಂದನೇ ಗಾಜನ್ನು ಬೇಕೆಂದೇ ಬಿಟ್ಟು, ಹತ್ತು ಹೆಜ್ಜೆ ಆಚೆಗಿದ್ದ ಹನ್ನೆರಡನೆಯದರ ಹತ್ತಿರ ನಿಂತು ಪಾಠ ಶುರು ಮಾಡಿದ. ಗಾಜು ಯಾಕೆ, ಗಾರೆ ಯಾಕೆ, ತಾರೀಖು ಯಾಕೆ.

ಆ ತರಗತಿಯಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ ಇದ್ದಳು. ಪ್ರಶ್ನೆ ಕೇಳಿ ಕೇಳಿ ಮೇಷ್ಟ್ರುಗಳನ್ನು ಸುಸ್ತು ಮಾಡುವುದರಿಂದ ಸ್ನೇಹಿತೆಯರು ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು. ಬಿಟ್ಟುಹೋದದ್ದನ್ನು ಹುಡುಕಿ ನೋಡುವುದು ಅವಳ ಜಾಯಮಾನ. ಅವಳು ಹಿಂದೆ ಉಳಿದು ಹನ್ನೊಂದನೆಯದರ ಮುಂದೆ ಕೂತಿದ್ದಳು.

"ಅಜ್ಜಾ," ಅಂದಳು, "ಈ ಗಾಜಲ್ಲಿ ಗೆರೆ ಇದೆ."

ಬಿರುಕಪ್ಪನ ಮಾತು ಅರ್ಧಕ್ಕೆ ನಿಂತಿತು. ಹತ್ತು ಹೆಜ್ಜೆ ಹಿಂದಕ್ಕೆ ನಡೆದು ಬಂದ. ಬಗ್ಗಿ ನೋಡಿದ. ಬೆಳಗ್ಗೆ ಏಳಕ್ಕೆ ಇಡಿಯಾಗಿದ್ದ ಗಾಜಿನ ನಡುವೆ, ನೇರವಾಗಿ, ಕೂದಲಿನಷ್ಟು ತೆಳ್ಳಗೆ, ಒಂದು ಗೆರೆ. ಗಾರೆ ಬಿಗಿದು ಒಂದು ದಿನ ಪೂರ್ತಿಯಾಗಿರಲಿಲ್ಲ. ಪೊರಕೆ ಇಲ್ಲ, ಗುಡಿಸುವವರಿಲ್ಲ, ಮಕ್ಕಳು ಬರುವವರೆಗೆ ಯಾರೂ ಹತ್ತಿರ ಸುಳಿದಿರಲಿಲ್ಲ, ಈ ಹುಡುಗಿಯೂ ಮುಟ್ಟಿರಲಿಲ್ಲ. ಅಂದರೆ ಗೋಡೆ ಹೊರಕ್ಕೆ ಸರಿಯುತ್ತಿದೆ. ಈಗ, ಈ ಮಕ್ಕಳು ನಿಂತಿರುವಾಗಲೇ ಸರಿಯುತ್ತಿದೆ.

ಅವನಿಗೆ ಕಿರುಚಬೇಕೆನಿಸಿತು. ಕಿರುಚಿದರೆ ಮಕ್ಕಳು ಓಡುತ್ತಾರೆ. ಆ ಇಕ್ಕಟ್ಟು ಮೆಟ್ಟಿಲಲ್ಲಿ ಹಿಂದಿನವನೊಬ್ಬ ಎಡವಿದರೆ ಇಪ್ಪತ್ತಮೂರೂ ಒಬ್ಬರ ಮೇಲೊಬ್ಬರು ಉರುಳುತ್ತವೆ. ಅವನು ಮಗಳ ಹತ್ತಿರ ಹೋಗಿ, ತುಟಿ ಆಡಿತೋ ಇಲ್ಲವೋ ಎಂಬಂತೆ ಅಂದ, "ಪುಟ್ಟಿ, ಮಕ್ಕಳನ್ನ ಇಳಿಸು."

"ಈಗ ತಾನೇ ಬಂದ್ವಲ್ಲಪ್ಪಾ! ಯಾಕೆ?"

"ಕೇಳ್ಬೇಡ. ಇಳಿಸು. ಓಡಿಸ್ಬೇಡ."

ಅವಳು ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಕ್ಷಣ ಅವಳ ಕೈ ಸೀಟಿಯ ಕಡೆ ಹೋಗಿ, ನಿಂತು, ಕೆಳಗಿಳಿಯಿತು. ಆಮೇಲೆ ತರಗತಿಯ ಧ್ವನಿಯಲ್ಲೇ, "ಮಕ್ಕಳೇ, ಈಗೊಂದು ಪರೀಕ್ಷೆ. ಎಡಗೈ ಗೋಡೆ ಮೇಲೆ. ಬಾಯಿ ಮುಚ್ಚಿ ಮೆಟ್ಟಿಲು ಎಣಿಸ್ತಾ ಇಳೀಬೇಕು. ಅವಸರ ಮಾಡಿದವರ ಲೆಕ್ಕ ತಪ್ಪತ್ತೆ, ಕೆಳಗೆ ಹೋದ್ಮೇಲೆ ಒಬ್ಬೊಬ್ಬರನ್ನೂ ಕೇಳ್ತೀನಿ" ಅಂದಳು. ಅವಳೇ ಮುಂದೆ ಇಳಿದಳು. ಮಕ್ಕಳು ತುಟಿ ಆಡಿಸುತ್ತ, ಬೆರಳು ಮಡಿಸುತ್ತ, ಒಬ್ಬೊಬ್ಬರಾಗಿ ಆ ಕತ್ತಲ ಬಾಯೊಳಗೆ ಇಳಿದರು.

ಬಿರುಕಪ್ಪ ಕೊನೆಯವನಾಗಿ ಮೇಲೆ ನಿಂತ. ಇಪ್ಪತ್ತಮೂರು ತಲೆ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಅವನಿಗೆ ಒಂದು ಯುಗವಾಯಿತು. ಒಬ್ಬ ಹುಡುಗ ಬೂಟಿನ ದಾರ ಕಟ್ಟಿಕೊಳ್ಳಲು ಕೂತ. ಬಿರುಕಪ್ಪನಿಗೆ ಅವನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹೋಗೋಣ ಅನಿಸಿತು, ಆದರೆ ಹಲ್ಲು ಕಚ್ಚಿ ನಿಂತ. ತಲೆಯ ಮೇಲೆ ಎಲ್ಲೋ ಟಿಕ್ ಎಂದಿತು. ಬಿಸಿಲಿಗೆ ಕಲ್ಲು ಸದ್ದು ಮಾಡುತ್ತದೆ, ಸಾವಿರ ಸಲ ಕೇಳಿದ್ದಾನೆ, ಆದರೂ ಜೀವ ಬಾಯಿಗೆ ಬಂತು. ದೇವರೇ, ಬೀಳುವುದಾದರೆ ನಾನೊಬ್ಬನೇ ಇದ್ದಾಗ ಬೀಳಲಿ ಎಂದು ಬೇಡಿಕೊಂಡ. ಕೊನೆಯ ಹುಡುಗನ ಬೆನ್ನು ಮರೆಯಾದ ಮೇಲೆ ತಾನೂ ಇಳಿದ.

ಕೆಳಗೆ ಗದ್ದಲವೋ ಗದ್ದಲ. "ನೂರನಲವತ್ತೆಂಟು!" "ಇಲ್ಲ ಮಿಸ್, ನೂರನಲವತ್ತಾರು!" "ಏ, ನೀನು ಎರಡು ಹಾರಿದೆ!" ಮಗಳು ಆಗಲೇ ಇಂಜಿನಿಯರಿಗೆ ಗಾಜಿನ ಗೆರೆಯ ವಿಷಯ ಹೇಳಿದ್ದಳು. ಅವರು ಮೇಲೆ ಹೋದರು. ಹೋದವರು ಹತ್ತು ನಿಮಿಷಕ್ಕೆ ಬಂದರು, ಮುಖದಲ್ಲಿ ನಗುವಿತ್ತು.

"ಏನಪ್ಪಾ ಬಿರುಕಪ್ಪ, ಮಕ್ಕಳ ಮುಂದೆ ನನ್ನೂ ಹೆದರಿಸಿಬಿಟ್ಟೆಯಲ್ಲ! ನೋಡಿದೆ. ಮೂರು ವರ್ಷದ ಗಾಜು ಅದು. ಮೂರು ವರ್ಷಕ್ಕೆ ಒಂದು ಕೂದಲೆಳೆ ಸರಿದರೆ ಅದು ಲೆಕ್ಕವೇ ಅಲ್ಲ, ಬಿಸಿಲಿಗೆ ಅಷ್ಟು ಆಗತ್ತೆ. ಮುಂದಿನ ವಾರ ಅಳತೆ ಹಿಡಿಯೋಣ." ಮಗಳ ಕಡೆ ತಿರುಗಿ, "ಮೇಡಂ, ಎರಡನೇ ತಂಡ ಹತ್ತಲಿ. ಹತ್ತು ನಿಮಿಷ ನೋಡ್ಕೊಂಡು ಬರಲಿ, ಪಾಪ, ಕಾಯ್ತಾ ಇದಾರೆ" ಅಂದರು.

ಮಗಳು ಉಸಿರು ಬಿಟ್ಟಳು. "ಅಪ್ಪಾ, ನನ್ನ ಜೀವ ಹೋಗಿತ್ತು ಗೊತ್ತಾ" ಎಂದು ನಕ್ಕು, ಸೀಟಿ ಊದಿದಳು. ಉಳಿದ ಇಪ್ಪತ್ತಮೂರು ಮಕ್ಕಳು ತಳ್ಳಾಡುತ್ತ ಮೆಟ್ಟಿಲ ಬಾಗಿಲ ಮುಂದೆ ಸಾಲಾದರು.

ಇಲ್ಲಿ ಬಿರುಕಪ್ಪನ ಸ್ಥಿತಿ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇಂಜಿನಿಯರ್ ತಪ್ಪು ಹೇಳಿರಲಿಲ್ಲ. ಗಾಜಿನ ಮೇಲೆ ಬರೆದದ್ದನ್ನು ಓದಿ, ಅದಕ್ಕೆ ಸರಿಯಾದ ಲೆಕ್ಕ ಹಾಕಿದ್ದರು. ಲೆಕ್ಕ ಸರಿ, ತಾರೀಖು ಸುಳ್ಳು. ಮೂರು ವರ್ಷಕ್ಕಾದರೆ ಅದು ಸುಕ್ಕು, ಒಂದೇ ದಿನಕ್ಕಾದರೆ ಸಾವು. ಈ ವ್ಯತ್ಯಾಸ ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ. ಸುಮ್ಮನಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಮುಗಿದು, ಮಕ್ಕಳು ಬಸ್ಸು ಹತ್ತಿ ಹೋಗಬಹುದು. ಸಂಜೆ ಯಾರೂ ಇಲ್ಲದಾಗ ಇಂಜಿನಿಯರಿಗೆ ಮೆಲ್ಲಗೆ ಹೇಳಬಹುದು. ಹೋಗಬಹುದು, ಹೇಳಬಹುದು. ಅಥವಾ ಹತ್ತು ನಿಮಿಷ ಮುಗಿಯದೆಯೂ ಇರಬಹುದು.

ಸಾಲಿನ ಮೊದಲ ಹುಡುಗ ಮೆಟ್ಟಿಲ ಮೇಲೆ ಕಾಲಿಟ್ಟ. ಬಿರುಕಪ್ಪ ಅವನ ತೋಳು ಹಿಡಿದು ಹಿಂದಕ್ಕೆಳೆದು, ತಾನು ಬಾಗಿಲಿಗೆ ಅಡ್ಡ ನಿಂತ. ಎರಡೂ ಕೈ ಚೌಕಟ್ಟಿಗೆ ಕೊಟ್ಟಿದ್ದ.

"ಯಾರೂ ಹತ್ತಬಾರದು ಸಾರ್. ಆ ತಾರೀಖು ಸುಳ್ಳು."

"ಏನಂದೆ?"

"ಆ ಗಾಜು ಮೂರು ವರ್ಷದ್ದಲ್ಲ. ಸೋಮವಾರ ನಾನೇ ಹಾಕಿದ್ದು. ಹಳೇದು ಒಡೆದಿತ್ತು. ಪೊರಕೆ ಏಟು ಅಂದ್ಕೊಂಡು ಕಿತ್ತು ಹಾಕಿ, ಹಳೇ ತಾರೀಖೇ ಬರೆದೆ. ಗಾರೆ ಬಿಗಿದು ಒಂದು ದಿನ ಆಗಿಲ್ಲ ಸಾರ್, ಅಷ್ಟರಲ್ಲೇ ಬಿಟ್ಟಿದೆ."

ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಪಿಸುಮಾತು ಕೂಡ ಸುತ್ತಿ ಬರುತ್ತದೆ. ಬಿರುಕಪ್ಪ ಪಿಸುಗುಟ್ಟಿರಲಿಲ್ಲ. ನಲವತ್ತಾರು ಮಕ್ಕಳೂ ಕೇಳಿಸಿಕೊಂಡರು. ಇಂಜಿನಿಯರ್ ಮುಖದ ನಗು ಮಾಯವಾಯಿತು.

"ಹಳೇ ಗಾಜು ಎಲ್ಲಿ?"

ಅವನು ಚೀಲದಿಂದ ಕರ್ಚೀಫು ತೆಗೆದುಕೊಟ್ಟ. ಎಸೆಯಲು ಕೈ ಬಂದಿರಲಿಲ್ಲ, ನಾಲ್ಕು ದಿನದಿಂದ ಹೊತ್ತುಕೊಂಡೇ ತಿರುಗಿದ್ದ. ಇಂಜಿನಿಯರ್ ಎರಡು ತುಂಡನ್ನೂ ಅಂಗೈ ಮೇಲೆ ಜೋಡಿಸಿ ನೋಡಿದರು. ಚಾಕುವಿನಿಂದ ಕೊಯ್ದಂತೆ ನೇರ ಗೆರೆ.

"ಪೊರಕೆ ಏಟಿಗೆ ಗಾಜು ಹೀಗೆ ಒಡೆಯತ್ತಾ? ಪುಡಿ ಆಗತ್ತೆ. ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಓದದ ಗಾರೆಯವನು ಎಂದು ಕ್ಷಮಿಸಿಯೂ ಬಿಡುತ್ತಿದ್ದರೇನೋ. ಮಗಳು ಎರಡು ಮಾರು ದೂರದಲ್ಲಿ ಕಲ್ಲಾಗಿ ನಿಂತಿದ್ದಳು.

"ಗೊತ್ತಿತ್ತು ಸಾರ್."

"ಮತ್ತೆ ಯಾಕೆ?"

"ಮಗಳು ಆರು ತಿಂಗಳು ಓಡಾಡಿದ್ದಳು" ಎಂದ.

ಇಂಜಿನಿಯರ್ ತಿರುಗಿ, "ಎಲ್ಲರೂ ಹೊರಗೆ! ಕಟ್ಟಡದಿಂದಲೇ ಹೊರಗೆ!" ಎಂದು ಕೂಗಿದರು. ಅರ್ಧ ಗಂಟೆಯಲ್ಲಿ ಟಿಕೆಟ್ ಕಿಟಕಿ ಮುಚ್ಚಿತು, ಗೇಟಿಗೆ ಸರಪಳಿ ಬಿತ್ತು.

ಅಂಗಳದಲ್ಲಿ ಮಗಳು ಮಕ್ಕಳನ್ನು ಎಣಿಸಿದಳು. ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದಳು, ನಲವತ್ತಾರು ಬಂತು. ಮತ್ತೆ ಮೊದಲಿನಿಂದ ಎಣಿಸಿದಳು. ಮೂರನೇ ಸಲ ಎಣಿಸುತ್ತಿದ್ದದ್ದು ಬಿರುಕಪ್ಪನಿಗೆ ದೂರದಿಂದಲೇ ಕಂಡಿತು. ಹತ್ತಿರ ಹೋದ. ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ನೋಡಲೂ ಇಲ್ಲ. ನೋಡಿದ್ದು ಪ್ರಶ್ನೆಪತ್ರಿಕೆ.

"ಅಜ್ಜಾ, ಒಡೆದಿತ್ತು ಅಂತ ಗೊತ್ತಿದ್ದೂ ನಮ್ಮನ್ನ ಮೇಲೆ ಕರ್ಕೊಂಡು ಹೋದ್ರಾ?"

ಹಿರಿಯರನ್ನು ಹೀಗೆ ಕೇಳಿದರೆ ಟೀಚರ್ ಗದರುವುದು ವಾಡಿಕೆ. ಮಗಳು ಗದರಲಿಲ್ಲ. ಈಗ ಅವಳೂ ತಲೆಯೆತ್ತಿ ಅಪ್ಪನನ್ನು ನೋಡಿದಳು, ಉತ್ತರ ತನಗೂ ಬೇಕು ಎಂಬಂತೆ ಕಾದಳು.

"ಹೌದಮ್ಮಾ" ಅಂದ ಬಿರುಕಪ್ಪ. "ಏನೂ ಆಗಲ್ಲ ಅಂತ ಅಂದ್ಕೊಂಡೆ."

ಹುಡುಗಿ ಇನ್ನೇನೋ ಕೇಳಲು ಬಾಯಿ ತೆರೆದು, ಅವನ ಮುಖ ನೋಡಿ, ಮೊದಲ ಸಲ ಪ್ರಶ್ನೆ ನುಂಗಿಕೊಂಡಳು. ಮಗಳು ಎಲ್ಲರನ್ನೂ ಬಸ್ಸಿಗೆ ಹತ್ತಿಸಿದಳು. ತಾನು ಹತ್ತುವ ಮುಂಚೆ, "ಅಮ್ಮನಿಗೆ ನೀನೇ ಹೇಳಪ್ಪಾ, ನನ್ನ ಕೈಲಿ ಆಗಲ್ಲ" ಅಂದಳು. ಬಸ್ಸು ಹೋಯಿತು.

ಅವನು ಆ ಸಂಜೆಯೇ ಹೆಂಡತಿಗೆ ಹೇಳಿದ. ಅವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳೇ ಹೊರತು ಬಿರುಕಪ್ಪ ಎಂದು ಕರೆಯಲಿಲ್ಲ. ಮಗಳು ಆ ವಾರ ಮನೆಯ ಕಡೆ ಬರಲಿಲ್ಲ. ಹೆಡ್‌ಮಾಸ್ತರರು ಅವಳಿಂದ ವಿವರಣೆ ಕೇಳಿದ್ದರು, ಅವಳು ನಡೆದದ್ದನ್ನು ನಡೆದಂತೆಯೇ ಬರೆದುಕೊಟ್ಟಳಂತೆ.

ಪ್ರವಾಸ ಕಳೆದ ಮೂರನೇ ದಿನ ಮಧ್ಯಾಹ್ನ, ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಮೇಲಿನಿಂದ ಕಳಚಿ ಕಟಕಟೆಯ ಮೇಲೆ ಬಿತ್ತು. ಬಿದ್ದದ್ದು ಹನ್ನೊಂದನೇ ಗಾಜಿನ ಎದುರು, ಹುಡುಗಿ ಕೂತಿದ್ದ ಜಾಗದಲ್ಲೇ. ಯಾರೂ ಇರಲಿಲ್ಲ. ಆಸರೆಯ ಕಂಬ ನಿಲ್ಲಿಸಿ, ಗೋಡೆ ಬಿಚ್ಚಿ ನೋಡಿದಾಗ, ಒಳಗಿನ ಕಬ್ಬಿಣದ ಪಟ್ಟಿ ತುಕ್ಕು ತಿಂದು ಎರಡು ಕಡೆ ಬಿಟ್ಟುಕೊಂಡಿತ್ತು. ಆ ಕಲ್ಲನ್ನು ಬಿರುಕಪ್ಪನೇ ಎತ್ತಿ ತಂದ. ಎದೆಗವಚಿಕೊಂಡು ನೂರನಲವತ್ತೆಂಟು ಮೆಟ್ಟಿಲು ಇಳಿಯುವಾಗ, ಪ್ರತಿ ಮೆಟ್ಟಿಲಿಗೂ ಅದು ಒಂದು ಮಗುವಿನ ತಲೆಯ ಮೇಲೆ ಬೀಳುವುದನ್ನು ಕಂಡ.

ಅವನನ್ನು ಕೆಲಸದಿಂದ ತೆಗೆಯುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು, ಅವನೂ ಅಂದುಕೊಂಡಿದ್ದ. ತೆಗೆಯಲಿಲ್ಲ. ಬಾಗಿಲಿಗೆ ಅಡ್ಡ ನಿಂತದ್ದನ್ನು ಇಂಜಿನಿಯರ್ ಮೇಲಿನವರಿಗೆ ಬರೆದಿದ್ದರು. ಎಂಟು ದಿನದ ಮೇಲೆ ಇಂಜಿನಿಯರೇ ಅವನನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಅವನ ಇಪ್ಪತ್ತೇಳು ವರ್ಷದ ನೋಟ್‌ಬುಕ್ಕುಗಳು ಒಂದರ ಮೇಲೊಂದು ಇದ್ದವು. ಮೊದಲ ಸಲ ಯಾರೋ ಅವನ್ನು ತೆರೆದು ನೋಡಿದ್ದರು.

"ಕೂತ್ಕೋ" ಅಂದರು. ಅವನು ಕೂರಲಿಲ್ಲ.

"ಗುಮ್ಮಟ ಉಳೀಬೇಕಾದ್ರೆ ಉಳಿದ ಕಡೆ ಎಷ್ಟು ಸರಿದಿದೆ ಅಂತ ನನಗೆ ಗೊತ್ತಾಗ್ಬೇಕು. ಅದಕ್ಕೆ ಇರೋದು ನಿನ್ನ ಗಾಜುಗಳೇ. ಉಳಿದ ಹದಿನೆಂಟರ ಮೇಲಿನ ತಾರೀಖು?"

"ಎಲ್ಲಾ ನಿಜ ಸಾರ್."

"ಅದಕ್ಕೆ ಸಾಕ್ಷಿ?"

"ನಾನು" ಎಂಬ ಮಾತು ಬಿರುಕಪ್ಪನ ನಾಲಿಗೆಯ ತುದಿಗೆ ಬಂತು. ಇಪ್ಪತ್ತೇಳು ವರ್ಷ ಅದೊಂದೇ ಮಾತು ಸಾಕಾಗಿತ್ತು. ಈಗ ಅದನ್ನು ಹೇಳುವ ಹಾಗಿರಲಿಲ್ಲ. ಹೊರಗೆ ಯಾರೋ ಕಬ್ಬಿಣದ ಕಂಬ ಇಳಿಸುವ ಸದ್ದು ಕೇಳಿಸುತ್ತಿತ್ತು.

"ಹದಿನೆಂಟನ್ನೂ ಕಿತ್ತು ಹೊಸದು ಹಾಕ್ಬೇಕಲ್ವಾ ಸಾರ್?" ಎಂದು ಕೊನೆಗೆ ಅವನೇ ಕೇಳಿದ.

"ಹೂಂ. ತಾರೀಖು ನಾನು ಬರೀತೀನಿ."

ಬಿರುಕಪ್ಪ ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡು ಒಂದನೇ ಗಾಜಿನ ಹತ್ತಿರ ಹೋದ. ಅದು ಇಡಿಯಾಗಿತ್ತು, ಅದರ ಮೇಲಿನ ತಾರೀಖು ನಿಜವಾಗಿತ್ತು. ಉಳಿಯ ತುದಿಯನ್ನು ಗಾರೆಗೆ ಇಟ್ಟು ಹೊಡೆದ.